ಜೇಡಿಸ್ ರಾಣಿಯ ವಕೀಲರು

ಕಥೆಯೊಂದರ ದುಷ್ಟ ಪಾತ್ರವನ್ನು ನೋಡಿ ಆನಂದಿಸುವುದು ತಪ್ಪಲ್ಲ. ಕಥೆಗಾರನು ಅದಕ್ಕೆಂದೇ ಆ ಪಾತ್ರಕ್ಕೆ ಬಣ್ಣ ಬಳಿದಿರುತ್ತಾನೆ. ಆದರೆ ಹಾಗೆ ಆನಂದಿಸಿದವನು ಸ್ವಲ್ಪ ಹೊತ್ತಿನ ಬಳಿಕ ಆ ಪಾತ್ರದ ಪರವಾಗಿ ವಾದಿಸತೊಡಗಿದರೆ ಅವನ ವಾದಗಳನ್ನು ಕಿವಿಗೊಟ್ಟು ಕೇಳಬೇಕಾಗುತ್ತದೆ. ಏಕೆಂದರೆ ಕಥೆಯ ರಾಣಿಗೆ ನಾವು ಇಂದು ಕೊಡುವ ವಿನಾಯಿತಿಯನ್ನು ನಾಳೆ ಜೀವಂತ ಅಧಿಕಾರಸ್ಥರಿಗೂ ಕೊಡುತ್ತೇವೆ. ಅದಕ್ಕಿಂತ ಹೆಚ್ಚಾಗಿ ನಮಗೆ ನಾವೇ ಕೊಟ್ಟುಕೊಳ್ಳುತ್ತೇವೆ.

ನಾರ್ನಿಯಾ ಚಲನಚಿತ್ರಗಳ ಬಿಳಿ ಮಾಟಗಾತಿ, ಅಂದರೆ ಜೇಡಿಸ್ ರಾಣಿ, ಇಂತಹ ವಕೀಲರನ್ನು ಹೇರಳವಾಗಿ ಪಡೆದಿರುವ ಪಾತ್ರ. ಈ ಕಥೆಗಳನ್ನು ಬರೆದವರು ಸಿ.ಎಸ್. ಲೂಯಿಸ್ (1898-1963). ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿ, ಆಕ್ಸ್‌ಫರ್ಡ್‌ನಲ್ಲೂ ನಂತರ ಕೇಂಬ್ರಿಜ್‌ನಲ್ಲೂ ಸಾಹಿತ್ಯ ಕಲಿಸಿದವರು. 1950ರಿಂದ 1956ರ ವರೆಗೆ ವರ್ಷಕ್ಕೊಂದರಂತೆ ಏಳು ಪುಸ್ತಕಗಳು ಬಂದವು. ಬಿಬಿಸಿಯು 1988ರಲ್ಲಿ ಮೊದಲ ಕಥೆಯನ್ನು ಧಾರಾವಾಹಿಯಾಗಿ ತೋರಿಸಿದಾಗ ಮಾಟಗಾತಿಯಾದವರು ಬಾರ್ಬರಾ ಕೆಲ್ಲರ್‌ಮನ್. 2005ರ ದೊಡ್ಡ ಚಲನಚಿತ್ರದಲ್ಲಿ ಟಿಲ್ಡಾ ಸ್ವಿಂಟನ್ ಆ ಪಾತ್ರ ಮಾಡಿದರು. ಅಭಿಮಾನಿಗಳ ಮನಸ್ಸಿನಲ್ಲಿ ಇಂದು ನಿಂತಿರುವುದು ಈ ಎರಡನೆಯ ಮುಖವೇ. ಕೂಗಾಟವಿಲ್ಲ, ಹಲ್ಲು ಕಡಿಯುವುದಿಲ್ಲ. ತಣ್ಣಗಿನ ದೃಷ್ಟಿ, ಮೆಲುದನಿ. ವಸಂತವು ಹತ್ತಿರವಾದಂತೆ ತಲೆಯ ಮೇಲಿನ ಮಂಜಿನ ಕಿರೀಟವು ಕರಗುತ್ತಾ ಹೋಗುತ್ತದೆ. ಯುದ್ಧಭೂಮಿಗೆ ಆಕೆ ಹಿಮಕರಡಿಗಳು ಎಳೆಯುವ ರಥದಲ್ಲಿ ಬರುತ್ತಾಳೆ. ತಾನು ಕೊಂದ ಸಿಂಹದ ಕೇಸರವನ್ನು ಹೆಗಲಿಗೆ ಹೊದ್ದಿರುತ್ತಾಳೆ. ಇಷ್ಟೆಲ್ಲ ವೈಭವವನ್ನು ಕಂಡ ಹದಿನಾರರ ಹುಡುಗ ಹುಡುಗಿಯರು ಆಕೆಯ ಪಕ್ಷ ಸೇರಿದರೆ ಆಶ್ಚರ್ಯಪಡಬೇಕಿಲ್ಲ.

ನೆಟ್‌ಫ್ಲಿಕ್ಸ್ ಸಂಸ್ಥೆಯು 2018ರಲ್ಲಿ ಈ ಪುಸ್ತಕಗಳ ಚಿತ್ರೀಕರಣದ ಹಕ್ಕನ್ನು ಪಡೆದ ಮೇಲೆ, ಅದರಲ್ಲೂ ನಿರ್ದೇಶಕಿ ಗ್ರೆಟಾ ಗರ್ವಿಗ್ ಅವರು ಜೇಡಿಸ್‌ಳ ಪೂರ್ವಕಥೆಯಿರುವ ಪುಸ್ತಕವನ್ನು ಕೈಗೆತ್ತಿಕೊಂಡ ಮೇಲೆ, ಹಳೆಯ ಚರ್ಚೆ ಮತ್ತೆ ಬಿಸಿಯೇರಿತು. ಆಕೆ ಯಾರು? ಆಕೆಯ ಕೆಡುಕು ಎಲ್ಲಿಂದ ಬಂತು? ಎಡ್ಮಂಡ್ ಎಂಬ ಬಾಲಕನು ಆಕೆಯ ಬಲೆಗೆ ಬಿದ್ದದ್ದು ಅವನ ತಪ್ಪೇ? ಆಕೆ ಹೇಳುವ ಮಾತಿನಲ್ಲೂ ಒಂದು ನ್ಯಾಯವಿದೆಯಲ್ಲವೇ? ಈ ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ.

ರಕ್ತದಿಂದ ಬಂದ ಕೆಡುಕೇ?

ಮೊದಲ ಪುಸ್ತಕದಲ್ಲಿ ಮಾತನಾಡುವ ಬೀವರ್ ಎಂಬ ಪ್ರಾಣಿಯೊಂದು ಮಕ್ಕಳಿಗೆ ಮಾಟಗಾತಿಯ ವಂಶಾವಳಿಯನ್ನು ಹೇಳುತ್ತದೆ. ಅದರ ಪ್ರಕಾರ ಆಕೆಯಲ್ಲಿ ಮನುಷ್ಯರಕ್ತದ ಒಂದು ಹನಿಯೂ ಇಲ್ಲ. ಒಂದು ಕಡೆಯಿಂದ ಆಕೆ ಆದಮರ ಮೊದಲ ಹೆಂಡತಿ ಲಿಲಿತ್ ಎಂಬವಳ ಸಂತತಿ, ಅಂದರೆ ಜಿನ್ನ್ ಕುಲದವಳು. ಇನ್ನೊಂದು ಕಡೆಯಿಂದ ದೈತ್ಯರ ವಂಶ. ಮನುಷ್ಯರಂತೆ ಕಂಡು ಮನುಷ್ಯರಲ್ಲದ ಯಾವುದನ್ನೂ ನಂಬಬಾರದೆಂದು ಆ ಪ್ರಾಣಿಯ ಉಪದೇಶ.

ಜಿನ್ನ್ ಎಂಬ ಶಬ್ದ ಬಂದಿರುವುದರಿಂದ ನಮ್ಮ ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಲಿಲಿತ್‌ಳ ಕಥೆಯು ಯಹೂದಿಯರ ಮಧ್ಯಯುಗದ ಐತಿಹ್ಯಗಳಿಂದ ಬಂದದ್ದು. ಪವಿತ್ರ ಕುರ್‌ಆನಿನಲ್ಲಿ ಅಂತಹ ಹೆಸರೂ ಇಲ್ಲ, ಕಥೆಯೂ ಇಲ್ಲ. ಜಿನ್ನ್‌ಗಳ ವಿಷಯದಲ್ಲಾದರೋ ಕುರ್‌ಆನ್ ಹೇಳುವುದು ಬೀವರ್ ಹೇಳಿದ್ದಕ್ಕೆ ತೀರಾ ಭಿನ್ನವಾದದ್ದು. ಅವುಗಳಲ್ಲಿ ಸಜ್ಜನರೂ ಉಂಟು, ದುಷ್ಟರೂ ಉಂಟು. ಸತ್ಯವನ್ನು ಕೇಳಿ ವಿಶ್ವಾಸವಿಟ್ಟ ಜಿನ್ನ್‌ಗಳ ಪ್ರಸ್ತಾಪ 72ನೆಯ ಅಧ್ಯಾಯದಲ್ಲಿದೆ. ಮನುಷ್ಯರಂತೆ ಅವುಗಳಿಗೂ ಆಯ್ಕೆಯ ಸ್ವಾತಂತ್ರ್ಯವಿದೆ, ಆದ್ದರಿಂದಲೇ ವಿಚಾರಣೆಯೂ ಇದೆ. ಜಿನ್ನ್ ಎಂದಾಕ್ಷಣ ಕೆಡುಕು ಎಂದು ತಿಳಿಯುವುದು ನಮ್ಮ ಊರುಗಳಲ್ಲೂ ಕಂಡುಬರುವ ಒಂದು ತಪ್ಪು ಕಲ್ಪನೆ.

ಸಬಾದ ರಾಣಿಯ ವಿಷಯದಲ್ಲಿ ಜನರು ಕಟ್ಟಿದ ಕಥೆಯನ್ನೇ ನೋಡಿ. ಬಿಲ್ಕೀಸ್ ಎಂದು ಪ್ರಸಿದ್ಧಳಾದ ಆ ರಾಣಿಯ ತಾಯಿ ಜಿನ್ನ್ ಆಗಿದ್ದಳೆಂದೂ, ಅವಳ ಕಾಲುಗಳ ತುಂಬ ಕೂದಲಿತ್ತೆಂದೂ ಹಳೆಯ ಕಥೆಗಾರರು ಬಣ್ಣಿಸಿದ್ದಾರೆ. ಕುರ್‌ಆನಿನ ಅನ್ನಮ್ಲ್ ಅಧ್ಯಾಯದಲ್ಲಿ ಇದಾವುದೂ ಇಲ್ಲ. ಅಲ್ಲಿರುವುದು ಸುಲೈಮಾನ್(ಅ)ರ ಪತ್ರ ಕೈಸೇರಿದಾಗ ತನ್ನ ಪ್ರಮುಖರನ್ನು ಕರೆದು ಸಮಾಲೋಚಿಸುವ ಓರ್ವ ರಾಣಿ. ಸೈನ್ಯವಿದೆ, ಶಕ್ತಿಯಿದೆ ಎಂದು ಪ್ರಮುಖರು ಹೇಳಿದಾಗಲೂ, ರಾಜರು ಒಂದು ನಾಡಿಗೆ ನುಗ್ಗಿದರೆ ಆ ನಾಡಿನ ಗತಿಯೇನಾಗುತ್ತದೆ ಎಂಬುದನ್ನು ಅವರಿಗೆ ನೆನಪಿಸುತ್ತಾಳೆ. ಯುದ್ಧದ ಬಾಗಿಲಲ್ಲಿ ನಿಂತು ಊರಿನ ಬಗ್ಗೆ ಯೋಚಿಸಿದವಳು ಆಕೆ. ಜನರಿಗೆ ನೆನಪಾದದ್ದು ಮಾತ್ರ ಕಾಲಿನ ಕೂದಲು!

ಲೂಯಿಸರೇ ಬೀವರ್‌ನ ವಂಶಾವಳಿಯನ್ನು ಮುಂದೆ ಬದಿಗಿಟ್ಟರು. 1955ರಲ್ಲಿ ಬಂದ ಆರನೆಯ ಪುಸ್ತಕದಲ್ಲಿ ಜೇಡಿಸ್ ಬರುವುದು ಚಾರ್ನ್ ಎಂಬ ಬೇರೊಂದು ಲೋಕದಿಂದ. ಎರಡು ವಿವರಗಳು ಒಂದಕ್ಕೊಂದು ಹೊಂದುವುದಿಲ್ಲವೆಂದು ಅಭಿಮಾನಿಗಳು ದಶಕಗಳಿಂದ ತಲೆ ಕೆಡಿಸಿಕೊಂಡಿದ್ದಾರೆ. ಆದರೆ ಆ ಪುಸ್ತಕದಲ್ಲಿ ಇದಕ್ಕಿಂತ ಮುಖ್ಯವಾದ ಒಂದು ದೃಶ್ಯವಿದೆ. ಡಿಗರಿ ಮತ್ತು ಪಾಲಿ ಎಂಬ ಇಬ್ಬರು ಲಂಡನ್ನಿನ ಮಕ್ಕಳು ಚಾರ್ನ್ ನಗರದ ಪಾಳುಬಿದ್ದ ಅರಮನೆಯೊಂದನ್ನು ಹೊಗುತ್ತಾರೆ. ಅಲ್ಲಿನ ಸಭಾಂಗಣದಲ್ಲಿ ರಾಜರಾಣಿಯರು ಗೊಂಬೆಗಳಂತೆ ಸಾಲಾಗಿ ಕುಳಿತಿದ್ದಾರೆ. ಸಾಲಿನ ಆರಂಭದಲ್ಲಿರುವವರ ಮುಖದಲ್ಲಿ ಕರುಣೆಯೂ ವಿವೇಕವೂ ಇವೆ. ನಡುವಿನವರಲ್ಲಿ ಗಾಂಭೀರ್ಯ ಮಾತ್ರ. ಮುಂದೆ ಹೋದಂತೆ ಕ್ರೌರ್ಯ, ನಂತರ ಕ್ರೌರ್ಯದೊಂದಿಗೆ ಹತಾಶೆ. ಕಟ್ಟಕಡೆಗೆ ಕುಳಿತವಳು, ಎಲ್ಲರಿಗಿಂತ ಸುಂದರಿ, ಜೇಡಿಸ್.

ಈ ಸಾಲಿನಲ್ಲಿ ಎಲ್ಲರದೂ ಒಂದೇ ರಕ್ತ. ಹಾಗಿದ್ದರೆ ಮೊದಲನೆಯವರು ಏಕೆ ಒಳ್ಳೆಯವರಾಗಿದ್ದರು? ಕೆಡುಕು ವಂಶದಿಂದಲೇ ಬರುವುದಾದರೆ ಸಾಲಿನ ಮೊದಲ ಕುರ್ಚಿಯಿಂದಲೇ ಬರಬೇಕಿತ್ತು. ಒಂದೊಂದು ತಲೆಮಾರು ಒಂದೊಂದು ಸಣ್ಣ ಹೆಜ್ಜೆ ಇಟ್ಟು ಅಲ್ಲಿಗೆ ತಲುಪಿದೆ. ಹುಟ್ಟೇ ಹಾಗೆ, ಆಕೆ ಏನು ಮಾಡಲು ಸಾಧ್ಯ ಎಂಬ ವಾದ ಇಲ್ಲಿಗೆ ಬಿದ್ದುಹೋಗುತ್ತದೆ.

ದೊಡ್ಡವರಿಗೆ ಬೇರೆ ಅಳತೆಗೋಲು

ನಿದ್ದೆಯಿಂದೆದ್ದ ಜೇಡಿಸ್ ಮಕ್ಕಳಿಗೆ ತನ್ನ ಲೋಕದ ಅಂತ್ಯವನ್ನು ವರ್ಣಿಸುತ್ತಾಳೆ. ಸಿಂಹಾಸನಕ್ಕಾಗಿ ಅಕ್ಕತಂಗಿಯರ ನಡುವೆ ಯುದ್ಧ ನಡೆದಿತ್ತು. ಸೋಲು ಖಚಿತವಾದಾಗ ಆಕೆಯಲ್ಲಿ ಒಂದು ಅಸ್ತ್ರ ಉಳಿದಿತ್ತು. ಅದು ಒಂದು ಶಬ್ದ. ಅದನ್ನು ಉಚ್ಚರಿಸಿದವರ ಹೊರತು ಜೀವವಿರುವ ಸಕಲವೂ ನಾಶವಾಗುವಂಥ ಶಬ್ದ. ಹಿಂದಿನ ರಾಜರು ಅದನ್ನು ಅರಸಲೂಬಾರದೆಂದು ಆಣೆ ಮಾಡಿದ್ದರು. ಆಕೆ ಭಾರಿ ಬೆಲೆ ತೆತ್ತು ಕಲಿತಿದ್ದಳು. ತನ್ನ ಕೊನೆಯ ಸೈನಿಕನೂ ಬೀಳುವ ತನಕ ಕಾದು, ಸಹೋದರಿಯು ವಿಜಯ ಘೋಷಿಸುತ್ತಾ ಮೆಟ್ಟಿಲೇರಿ ಎದುರು ನಿಂತಾಗ, ಆ ಶಬ್ದವನ್ನು ನುಡಿದಳು.

ಡಿಗರಿ ಬೆಚ್ಚಿಬಿದ್ದು ಕೇಳುತ್ತಾನೆ: ಜನರು? ಯಾರಿಗೂ ಕೇಡು ಮಾಡದ ಸಾಮಾನ್ಯ ಜನರು, ಹೆಂಗಸರು, ಮಕ್ಕಳು, ಪ್ರಾಣಿಗಳು? ಜೇಡಿಸ್‌ಗೆ ಆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ತಾನು ರಾಣಿ, ಅವರೆಲ್ಲ ತನ್ನ ಪ್ರಜೆಗಳು, ತನ್ನ ಇಚ್ಛೆ ನೆರವೇರಿಸಲಿಕ್ಕಲ್ಲದೆ ಅವರು ಮತ್ತೇಕೆ ಇದ್ದರು ಎಂಬುದು ಆಕೆಯ ಉತ್ತರ. ನಿನ್ನಂತಹ ಸಾಮಾನ್ಯನಿಗೆ ತಪ್ಪಾದದ್ದು ನನ್ನಂತಹ ಮಹಾರಾಣಿಗೆ ತಪ್ಪಲ್ಲ, ರಾಜ್ಯದ ಭಾರ ಹೊತ್ತವರು ಎಲ್ಲ ನಿಯಮಗಳಿಂದ ಮುಕ್ತರು ಎಂದೂ ಆಕೆ ಬೋಧಿಸುತ್ತಾಳೆ.

ಈ ಭಾಗವನ್ನು ಬರೆಯುವಾಗ ಹಿರೋಶಿಮಾ, ನಾಗಸಾಕಿಗಳು ಸುಟ್ಟು ಇನ್ನೂ ಹತ್ತು ವರ್ಷಗಳಾಗಿರಲಿಲ್ಲ. ಪುಸ್ತಕದ ಕೊನೆಯ ಭಾಗದಲ್ಲಿ ಅಸ್ಲಾನ್ ಎಂಬ ಸಿಂಹವು ಮಕ್ಕಳಿಗೆ, ನಿಮ್ಮ ಲೋಕದ ದುಷ್ಟನೊಬ್ಬನೂ ಇಂತಹ ಗುಟ್ಟನ್ನು ಕಂಡುಹಿಡಿಯಬಹುದೆಂದು ಎಚ್ಚರಿಸುತ್ತದೆ. ಲೂಯಿಸ್ ಸ್ವತಃ ಮೊದಲ ಮಹಾಯುದ್ಧದಲ್ಲಿ ಹೋರಾಡಿ 1918ರಲ್ಲಿ ಗಾಯಗೊಂಡವರು. ಆ ರಾಣಿಯ ತಣ್ಣಗಿನ ಲೆಕ್ಕಾಚಾರವನ್ನು ಅವರು ಬರಿಯ ಕಲ್ಪನೆಯಿಂದ ಬರೆದಿರಲಿಕ್ಕಿಲ್ಲ.

ಆಕೆಯ ವಕೀಲರು ಇಲ್ಲಿ ಹೇಳುವುದೇನು? ತಂಗಿಯೇ ಮೊದಲು ಆಣೆ ಮುರಿದು ಮಾಟ ಬಳಸಿದಳಂತೆ; ಶರಣಾಗಿದ್ದರೆ ಪ್ರಾಣದಾನ ಮಾಡುತ್ತಿದ್ದಳಂತೆ. ಈ ಎರಡು ಸಂಗತಿಗಳಿಗೂ ಸಾಕ್ಷಿ ಯಾರು? ಜೇಡಿಸ್ ಒಬ್ಬಳೇ. ಬೇರೆ ಸಾಕ್ಷಿ ಹೇಳಬಲ್ಲವರನ್ನೆಲ್ಲ ಆಕೆ ಕೊಂದಿದ್ದಾಳೆ. ಕೊಲೆಗಾರನ ಹೇಳಿಕೆಯೊಂದನ್ನೇ ಇಟ್ಟುಕೊಂಡು ತೀರ್ಪು ಬರೆಯುವ ನ್ಯಾಯಾಲಯ ಲೋಕದಲ್ಲೆಲ್ಲಿಯೂ ಇಲ್ಲ. ಆದರೂ ಸುಂದರವಾದ ಮುಖ ಮತ್ತು ಎತ್ತರದ ದನಿ ಅದನ್ನು ಹೇಳಿದಾಗ ನಾವು ತಲೆಯಾಡಿಸಿಬಿಡುತ್ತೇವೆ.

ಲೂಯಿಸ್ ಇಲ್ಲಿ ಒಂದು ಮಾತನ್ನು ಸೂಕ್ಷ್ಮವಾಗಿ ಹೆಣೆದಿದ್ದಾರೆ. ಡಿಗರಿಯ ಸೋದರಮಾವ ಆಂಡ್ರೂ ಎಂಬವನು ತನ್ನ ಮಾಂತ್ರಿಕ ಉಂಗುರಗಳನ್ನು ಪರೀಕ್ಷಿಸಲು ಮೊದಲು ಗಿನಿ ಇಲಿಗಳನ್ನು, ಅನಂತರ ಪಕ್ಕದ ಮನೆಯ ಹುಡುಗಿಯನ್ನು ಬೇರೆ ಲೋಕಕ್ಕೆ ಅಟ್ಟಿದವನು. ತನ್ನಂತಹ ಜ್ಞಾನಿಗಳು ಸಾಮಾನ್ಯರ ನಿಯಮಕ್ಕೆ ಒಳಪಟ್ಟವರಲ್ಲ ಎಂದು ಅವನೂ, ಜೇಡಿಸ್ ಆಡಿದ ಮಾತುಗಳಲ್ಲೇ, ಹೇಳಿದ್ದ. ಆ ಮಾತು ಲಂಡನ್ನಿನ ಒಂದು ಅಟ್ಟದ ಕೋಣೆಯಲ್ಲಿ ಮುದುಕನ ಬಾಯಿಂದ ಬಂದಾಗ ನಗೆ ಬರುತ್ತದೆ. ಏಳಡಿ ಎತ್ತರದ ರಾಣಿಯ ಬಾಯಿಂದ ಬಂದಾಗ ರೋಮಾಂಚನವಾಗುತ್ತದೆ. ಮಾತು ಮಾತ್ರ ಒಂದೇ. ಮನೆಯ ಯಜಮಾನ, ಶಾಲೆಯ ಅಧ್ಯಾಪಕ, ಜಮಾಅತ್‌ನ ಮುಖಂಡ, ಯಾರೇ ಆಗಲಿ, ತನ್ನ ಹೊಣೆಗಾರಿಕೆಯನ್ನು ತೋರಿಸಿ ತನಗೊಂದು ಪ್ರತ್ಯೇಕ ನಿಯಮವನ್ನು ಬರೆದುಕೊಳ್ಳುವಾಗ ಅವನು ಉಚ್ಚರಿಸುವುದು ಆಂಡ್ರೂವಿನ ವಾಕ್ಯವನ್ನೇ.

ಸಿಹಿಯ ತಪ್ಪೋ, ತಿಂದವನ ತಪ್ಪೋ?

ಇನ್ನು ಎಡ್ಮಂಡ್‌ನ ವಿಷಯ. ಅಭಿಮಾನಿಗಳ ನಡುವೆ ಅತಿ ಹೆಚ್ಚು ವಾದವಿವಾದ ನಡೆಯುವುದು ಇವನ ಬಗ್ಗೆಯೇ. ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಹಳ್ಳಿಮನೆಗೆ ಕಳುಹಿಸಲ್ಪಟ್ಟ ನಾಲ್ವರು ಮಕ್ಕಳಲ್ಲಿ ಇವನು ಮೂರನೆಯವನು. ಬಟ್ಟೆಯ ಕಪಾಟಿನ ಮೂಲಕ ನಾರ್ನಿಯಾ ಸೇರಿದ ಇವನಿಗೆ ಹಿಮದಲ್ಲಿ ಎದುರಾದ ಮಾಟಗಾತಿಯು ಬಿಸಿ ಪಾನೀಯವನ್ನೂ ಒಂದು ಡಬ್ಬಿ ಟರ್ಕಿಶ್ ಡಿಲೈಟ್ ಎಂಬ ಸಿಹಿಯನ್ನೂ ಕೊಡುತ್ತಾಳೆ. ತುರ್ಕಿಯರು ಲೋಕುಂ ಎಂದು ಕರೆಯುವ, ಸಕ್ಕರೆ ಮತ್ತು ಪಿಷ್ಟದಿಂದ ಮಾಡಿದ ಮೃದುವಾದ ತಿನಿಸು ಇದು. ಬ್ರಿಟನ್ನಿನಲ್ಲಿ ಮಿಠಾಯಿಯ ಪಡಿತರವು 1953ರ ವರೆಗೂ ಇತ್ತು. 1950ರಲ್ಲಿ ಈ ಪುಸ್ತಕ ಓದಿದ ಮಕ್ಕಳಿಗೆ ಒಂದು ಇಡೀ ಡಬ್ಬಿ ಸಿಹಿ ಎಂದರೆ ಏನೆಂಬುದನ್ನು ನಾವು ಊಹಿಸಬಹುದು. (ಅಂದಹಾಗೆ ಅಸ್ಲಾನ್ ಎಂಬುದೂ ಸಿಂಹಕ್ಕೆ ತುರ್ಕಿ ಭಾಷೆಯ ಪದ. ಲೇನ್ ಅವರ ಅರೇಬಿಯನ್ ನೈಟ್ಸ್ ಅನುವಾದದ ಟಿಪ್ಪಣಿಗಳಲ್ಲಿ ಅದು ತಮಗೆ ಸಿಕ್ಕಿತೆಂದು ಲೂಯಿಸ್ ಒಂದು ಪತ್ರದಲ್ಲಿ ತಿಳಿಸಿದ್ದಾರೆ.)

ಆ ಸಿಹಿಗೆ ಮಾಟ ಹಾಕಲಾಗಿತ್ತು. ಒಮ್ಮೆ ತಿಂದವನು ಮತ್ತೆ ಮತ್ತೆ ಬಯಸುತ್ತಾನೆ. ಹಾಗಿರುವಾಗ ಎಡ್ಮಂಡ್‌ನನ್ನು ದೂರುವುದು ಹೇಗೆ ಎಂದು ಅನೇಕರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಅವನ ಹೊಣೆಯನ್ನು ಮಾಟವು ಕಡಿಮೆ ಮಾಡುತ್ತದೆ ಎಂಬುದೂ ನಿಜ.

ಆದರೆ ಪುಸ್ತಕವನ್ನು ನಿಧಾನವಾಗಿ ಓದಿದವರು ಇನ್ನೊಂದನ್ನು ಕಾಣುತ್ತಾರೆ. ಒಡಹುಟ್ಟಿದವರನ್ನು ಬಿಟ್ಟು ಹಿಮದಲ್ಲಿ ಒಬ್ಬನೇ ಮಾಟಗಾತಿಯ ಮನೆಯತ್ತ ನಡೆಯುವಾಗ ಅವನ ಕೈಯಲ್ಲಿ ಸಿಹಿಯಿಲ್ಲ. ಚಳಿಯಲ್ಲಿ ಮರಳಿ ಹೋಗಬೇಕೆಂದು ಅವನಿಗೆ ಅನಿಸಿಯೂ ಬಿಡುತ್ತದೆ. ಅವನನ್ನು ಮುಂದಕ್ಕೆ ತಳ್ಳುವುದು ಬೇರೆ ಯೋಚನೆಗಳು: ತಾನು ರಾಜನಾದ ಮೇಲೆ ಎಲ್ಲಿ ರಸ್ತೆ ಹಾಕಿಸಬೇಕು, ರೈಲು ಎಲ್ಲಿ ಓಡಬೇಕು, ಅರಮನೆಯಲ್ಲಿ ಎಷ್ಟು ಕಾರುಗಳಿರಬೇಕು, ಸ್ವಂತ ಚಿತ್ರಮಂದಿರ ಹೇಗಿರಬೇಕು, ಮತ್ತು ಅಣ್ಣ ಪೀಟರ್‌ನನ್ನು ಹೇಗೆ ಕೆಳಗಿಡಬೇಕು. ಈ ಪಟ್ಟಿಯನ್ನು ಯಾವ ಮಾಟವೂ ಬರೆದುಕೊಡಲಿಲ್ಲ.

ಅದರ ಜೊತೆಗೆ ಅವನು ತನಗೆ ತಾನೇ ಒಂದು ಸಮಾಧಾನ ಹೇಳಿಕೊಳ್ಳುತ್ತಾನೆ. ಆಕೆಯ ಬಗ್ಗೆ ಕೆಟ್ಟದು ಹೇಳುವವರೆಲ್ಲ ಆಕೆಯ ಶತ್ರುಗಳು, ಅದರಲ್ಲಿ ಅರ್ಧ ಸುಳ್ಳಿರಬಹುದು, ನನ್ನೊಂದಿಗಂತೂ ಒಳ್ಳೆಯದಾಗಿಯೇ ನಡೆದುಕೊಂಡಳು. ಆದರೆ ಒಳಗೊಳಗೆ, ಆಕೆ ಕ್ರೂರಿಯೆಂದು ಅವನಿಗೆ ಗೊತ್ತಿತ್ತೆಂದು ಲೇಖಕರು ಸ್ಪಷ್ಟವಾಗಿ ಬರೆಯುತ್ತಾರೆ. ಮನಸ್ಸಿಗೆ ಪಿಸುಗುಟ್ಟುವ ಶೈತಾನನ ಬಗ್ಗೆ ಮದ್ರಸಗಳಲ್ಲಿ ನಾವು ಚಿಕ್ಕ ಮಕ್ಕಳಿಗೂ ಕಲಿಸುತ್ತೇವೆ. ಪಿಸುಮಾತಿಗೆ ಬಲವಂತದ ಶಕ್ತಿಯಿಲ್ಲ, ಒಳಗೆ ಮೊದಲೇ ಸಿದ್ಧವಾಗಿರುವ ನೆಲದಲ್ಲಿ ಮಾತ್ರ ಅದು ಮೊಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರವನ್ನು ಮಕ್ಕಳ ಪುಸ್ತಕದಲ್ಲಿ ನಾನು ಕಂಡಿಲ್ಲ.

ಎಡ್ಮಂಡ್ ತಿರುಗಿಕೊಂಡದ್ದು ಯಾವಾಗ? ಅವನಿಗೆ ಸಿಹಿಯ ಬದಲು ಒಣ ರೊಟ್ಟಿ ಸಿಕ್ಕಿದಾಗಲೂ ಅಲ್ಲ, ಚಳಿಯಲ್ಲಿ ನಡುಗಿದಾಗಲೂ ಅಲ್ಲ. ಆಗೆಲ್ಲ ಅವನು ತನಗಾಗಿ ಮಾತ್ರ ಮರುಗುತ್ತಿದ್ದ. ದಾರಿಯಲ್ಲಿ ಒಂದೆಡೆ ಅಳಿಲು, ನರಿ ಮೊದಲಾದ ಸಣ್ಣ ಪ್ರಾಣಿಗಳು ಕೂಡಿ ಊಟ ಮಾಡುತ್ತಿದ್ದವು. ಮಾಟಗಾತಿಯು ದಂಡವನ್ನೆತ್ತಿ ಅವುಗಳನ್ನೆಲ್ಲ ಕಲ್ಲಾಗಿಸುತ್ತಾಳೆ. ಬೇಡವೆಂದು ಕೂಗಿಕೊಂಡ ಎಡ್ಮಂಡ್‌ನ ಕೆನ್ನೆಗೆ ಏಟು ಬೀಳುತ್ತದೆ. ಊಟದ ಮೇಜಿನ ಮುಂದೆ ಚಮಚ ಎತ್ತಿ ಹಿಡಿದ ಆ ಪುಟ್ಟ ಕಲ್ಲುಗಳು ವರ್ಷಗಟ್ಟಲೆ ಹಗಲಿರುಳು ಹಾಗೆಯೇ ಕುಳಿತಿರುತ್ತವಲ್ಲ ಎಂದು ಯೋಚಿಸಿದಾಗ, ಕಥೆಯಲ್ಲಿ ಮೊದಲ ಬಾರಿಗೆ, ಅವನಿಗೆ ತನ್ನನ್ನು ಬಿಟ್ಟು ಬೇರೊಬ್ಬರಿಗಾಗಿ ದುಃಖವಾಗುತ್ತದೆ. ಪಶ್ಚಾತ್ತಾಪದ ಬಾಗಿಲು ಅಷ್ಟು ಸಣ್ಣದಾಗಿ ತೆರೆಯುತ್ತದೆ.

ಕಾನೂನು ಆಕೆಯ ಕಡೆಗಿದೆಯೇ?

ಎಡ್ಮಂಡ್‌ನನ್ನು ಬಿಡಿಸಿ ತಂದ ಮೇಲೆ ಅಸ್ಲಾನ್ ಅವನೊಬ್ಬನನ್ನೇ ಕರೆದುಕೊಂಡು ಹೋಗಿ ಮಾತನಾಡುತ್ತದೆ. ಏನು ಮಾತನಾಡಿತು ಎಂಬುದು ಯಾರಿಗೂ ತಿಳಿಯುವುದಿಲ್ಲ. ಮರಳಿ ಬಂದು ಒಡಹುಟ್ಟಿದವರಿಗೆ, ಮುಗಿದುಹೋದದ್ದರ ಬಗ್ಗೆ ಇವನೊಂದಿಗೆ ಮಾತನಾಡುವ ಅಗತ್ಯವಿಲ್ಲ ಎಂದಷ್ಟೇ ಹೇಳುತ್ತದೆ. ಸ್ವಲ್ಪ ಹೊತ್ತಿನಲ್ಲೇ ಮಾಟಗಾತಿಯು ಬಂದು ಎಲ್ಲರೆದುರು ಇಲ್ಲೊಬ್ಬ ದ್ರೋಹಿಯಿದ್ದಾನೆಂದು ಸಾರುತ್ತಾಳೆ. ಪುರಾತನ ಕಟ್ಟಳೆಯ ಪ್ರಕಾರ ಪ್ರತಿಯೊಬ್ಬ ದ್ರೋಹಿಯೂ ತನಗೆ ಸೇರಬೇಕಾದವನೆಂದು ಹಕ್ಕು ಸಾಧಿಸುತ್ತಾಳೆ. ಅಸ್ಲಾನ್ ಅದನ್ನು ಅಲ್ಲಗಳೆಯುವುದಿಲ್ಲ. ವಕೀಲರಿಗೆ ಇದು ಬಹಳ ಪ್ರಿಯವಾದ ಸಂಗತಿ. ನೋಡಿ, ಕಾನೂನಿನ ಮಟ್ಟಿಗೆ ಆಕೆ ಸರಿ!

ಕಟ್ಟಳೆ ಇದ್ದದ್ದು ನಿಜವೇ. ಆದರೆ ಹುಡುಗನಿಗೆ ಸಿಹಿ ತಿನ್ನಿಸಿ, ಸಿಂಹಾಸನದ ಆಸೆ ತೋರಿಸಿ, ಒಡಹುಟ್ಟಿದವರನ್ನು ಕರೆತಾ ಎಂದು ಕಳುಹಿಸಿದವಳೇ ನಂತರ ದ್ರೋಹದ ದಂಡ ಕೇಳಲು ಬಂದಿದ್ದಾಳೆ. ಪಾಪಕ್ಕೆ ಪ್ರಚೋದಿಸಿದವನೇ ಪಾಪಿಯ ಮೇಲೆ ದೂರು ದಾಖಲಿಸುವುದು ಲೋಕದಲ್ಲಿ ಹೊಸತೇನಲ್ಲ. ಒಬ್ಬನ ತಪ್ಪನ್ನು ಮುಚ್ಚಿದ್ದು ಯಾರು, ಸಭೆಯಲ್ಲಿ ಬಿಚ್ಚಿದ್ದು ಯಾರು ಎಂಬುದನ್ನು ಗಮನಿಸಿದರೆ ಇಬ್ಬರ ವ್ಯತ್ಯಾಸ ತಿಳಿಯುತ್ತದೆ.

ಮುಂದೆ ಅಸ್ಲಾನ್ ಎಡ್ಮಂಡ್‌ನ ಬದಲಿಗೆ ತನ್ನ ಪ್ರಾಣ ಕೊಟ್ಟು ಮತ್ತೆ ಜೀವಂತವಾಗುವ ಪ್ರಸಂಗ ಬರುತ್ತದೆ. ಲೂಯಿಸ್ ಯೌವನದಲ್ಲಿ ನಾಸ್ತಿಕರಾಗಿದ್ದು 1931ರಲ್ಲಿ ಕ್ರೈಸ್ತ ವಿಶ್ವಾಸಕ್ಕೆ ಮರಳಿದವರು; ಇದು ಆ ಧರ್ಮದ ಪ್ರಾಯಶ್ಚಿತ್ತ ಸಿದ್ಧಾಂತದ ಕಥಾರೂಪ. ಒಬ್ಬರ ಭಾರವನ್ನು ಇನ್ನೊಬ್ಬರು ಹೊರುವುದಿಲ್ಲ, ಪಶ್ಚಾತ್ತಾಪಪಟ್ಟವನಿಗೂ ಅಲ್ಲಾಹನಿಗೂ ನಡುವೆ ಯಾರ ಬಲಿಯೂ ಬೇಕಿಲ್ಲ ಎಂಬುದು ನಮ್ಮ ವಿಶ್ವಾಸ. ಮಕ್ಕಳು ಈ ಚಿತ್ರವನ್ನು ನೋಡುವುದಾದರೆ ಹೆತ್ತವರು ಈ ವ್ಯತ್ಯಾಸವನ್ನು ಕೋಪವಿಲ್ಲದೆ ತಿಳಿಸಿಕೊಟ್ಟರೆ ಸಾಕು. ಎಡ್ಮಂಡ್ ಮುಂದೇನಾದ ಎಂಬುದನ್ನೂ ತೋರಿಸಿಕೊಡಬೇಕು. ಯುದ್ಧದಲ್ಲಿ ಉಳಿದವರೆಲ್ಲ ಮಾಟಗಾತಿಯ ಮೇಲೆ ನುಗ್ಗಿ ಕಲ್ಲಾಗುತ್ತಿದ್ದಾಗ ಅವನು ಆಕೆಯ ದಂಡದ ಮೇಲೆ ಕತ್ತಿ ಬೀಸಿ ಅದನ್ನು ಮುರಿಯುತ್ತಾನೆ. ಆಕೆಯ ಶಕ್ತಿ ಎಲ್ಲಿದೆಯೆಂಬುದು ಹತ್ತಿರದಿಂದ ನೋಡಿದವನಿಗೆ ಗೊತ್ತಿತ್ತು. ಮುಂದೆ ರಾಜನಾದಾಗ ಅವನಿಗೆ ಸಿಕ್ಕಿದ ಬಿರುದು ನ್ಯಾಯವಂತ ಎಂದು.

ಕನ್ನಡದ ಓದುಗರಿಗೆ ಪ್ರತಿನಾಯಕನ ಮೇಲಿನ ಕನಿಕರ ಹೊಸತಲ್ಲ. ನಾಗಚಂದ್ರನ ರಾವಣ ತನ್ನ ತಪ್ಪಿನ ಅರಿವಾಗಿ ಮರುಗುತ್ತಾನೆ, ಆದ್ದರಿಂದಲೇ ಓದುಗರು ಅವನಿಗಾಗಿ ಮರುಗುತ್ತಾರೆ. ಜೇಡಿಸ್ ಏಳೂ ಪುಸ್ತಕಗಳಲ್ಲಿ ಒಂದು ಕ್ಷಣವೂ ಹಾಗೆ ಮರುಗುವುದಿಲ್ಲ.

ತಾಯಿಯ ಹೆಸರಿನಲ್ಲಿ

ಪೂರ್ವಕಥೆಯ ಪುಸ್ತಕದ ಇನ್ನೊಂದು ಪ್ರಸಂಗವನ್ನು ಹೇಳದಿರಲಾಗದು. ಡಿಗರಿಯ ತಾಯಿ ಮರಣಶಯ್ಯೆಯಲ್ಲಿದ್ದಾಳೆ. ಅಸ್ಲಾನ್‌ನ ಆಜ್ಞೆಯಂತೆ ದೂರದ ತೋಟವೊಂದರಿಂದ ಬೆಳ್ಳಿಯ ಹಣ್ಣು ತರಲು ಹೋದ ಅವನಿಗೆ ಅಲ್ಲಿ ಜೇಡಿಸ್ ಎದುರಾಗುತ್ತಾಳೆ. ಆಕೆ ಕದ್ದು ತಿಂದಿದ್ದಾಳೆ, ಚಿರಯೌವನ ಪಡೆದಿದ್ದಾಳೆ, ಮುಖ ಮಾತ್ರ ಬಿಳುಚಿದೆ. ಈ ಹಣ್ಣನ್ನು ನೇರವಾಗಿ ನಿನ್ನ ತಾಯಿಗೆ ಒಯ್ದು ತಿನ್ನಿಸು, ಆಕೆ ಬದುಕುತ್ತಾಳೆ. ಒಂದು ಸಿಂಹಕ್ಕೆ ಕೊಟ್ಟ ಮಾತು ಹೆಚ್ಚೋ, ತಾಯಿ ಹೆಚ್ಚೋ ಎಂದು ಆಕೆ ಕೇಳುತ್ತಾಳೆ.

ಇಲ್ಲಿ ನೀಡಲಾಗುತ್ತಿರುವುದು ಸಿಂಹಾಸನವಲ್ಲ, ಮಿಠಾಯಿಯೂ ಅಲ್ಲ. ಮಗನಾದವನು ಬಯಸಬಹುದಾದ ಅತ್ಯಂತ ಪವಿತ್ರವಾದ ಬಯಕೆಯನ್ನೇ ಆಕೆ ಗಾಳವಾಗಿ ಹಿಡಿದಿದ್ದಾಳೆ. ಲೂಯಿಸರ ತಾಯಿ 1908ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ ಒಂಬತ್ತು ವರ್ಷ. ಹಾಗಾಗಿ ಈ ಪುಟಗಳನ್ನು ಬರೆಯುವುದು ಅವರಿಗೆ ಸುಲಭವಾಗಿರಲಿಕ್ಕಿಲ್ಲ. ಡಿಗರಿ ಬಹುತೇಕ ಸೋತಿದ್ದ. ಆಗ ಜೇಡಿಸ್ ಒಂದು ಮಾತು ಹೆಚ್ಚು ಆಡಿದಳು: ಜೊತೆಗಿರುವ ಹುಡುಗಿಯನ್ನು ಇಲ್ಲಿಯೇ ಬಿಟ್ಟುಹೋಗಬಹುದಲ್ಲ. ಪಾಲಿಯನ್ನು ಬಿಟ್ಟುಹೋಗುವುದೇ? ಆ ಒಂದು ಸಲಹೆಯ ನೀಚತನದಿಂದ ಅದುವರೆಗಿನ ಮಾತೆಲ್ಲವೂ ಟೊಳ್ಳೆಂದು ಅವನಿಗೆ ಹೊಳೆಯಿತು. ತಾಯಿಯ ಬಗ್ಗೆ ಅಷ್ಟೊಂದು ಕನಿಕರ ತೋರಿಸಿದವಳಿಗೆ ಒಬ್ಬಳು ಬಾಲಕಿಯ ಬಗ್ಗೆ ಕನಿಕರವಿರಲಿಲ್ಲ. ಕದ್ದ ಹಣ್ಣಿನಿಂದಲೂ ತಾಯಿ ಗುಣಮುಖಳಾಗುತ್ತಿದ್ದಳು, ಆದರೆ ಆ ಕಾಯಿಲೆಯಲ್ಲೇ ಹೋಗಿದ್ದರೆ ಚೆನ್ನಿತ್ತೆಂದು ತಾಯಿ ಮಗ ಇಬ್ಬರೂ ಹೇಳುವ ದಿನ ಬರುತ್ತಿತ್ತು ಎಂದು ಅಸ್ಲಾನ್ ನಂತರ ತಿಳಿಸುತ್ತದೆ. ಹರಾಮಾದ ಸಂಪಾದನೆಯಿಂದ ಆಸ್ಪತ್ರೆಯ ಬಿಲ್ಲು ಕಟ್ಟಲು ಹೊರಟವರಿಗೆ ಈ ಪ್ರಸಂಗದ ಭಾರ ಅರ್ಥವಾಗದಿರದು.

ನಮ್ಮವರಿಗೆ ಒಳ್ಳೆಯವಳಾಗಿದ್ದಳಲ್ಲ!

ಜೇಡಿಸ್ ಮೊದಲ ಕಥೆಯಲ್ಲೇ ಸತ್ತಳಾದರೂ ಆಕೆಯನ್ನು ಪರದೆಯಿಂದ ಕಳುಹಿಸಲು ಚಿತ್ರ ನಿರ್ಮಾಪಕರಿಗೆ ಮನಸ್ಸಾಗಲಿಲ್ಲ. 2008ರ ಎರಡನೆಯ ಚಿತ್ರದಲ್ಲೂ 2010ರ ಮೂರನೆಯದರಲ್ಲೂ ಸ್ವಿಂಟನ್ ಸ್ವಲ್ಪ ಹೊತ್ತು ಕಾಣಿಸಿಕೊಂಡರು. ಬಿಬಿಸಿಯವರು 1990ರಲ್ಲಿ ಇನ್ನೊಂದು ಕಥೆಯ ಹಸಿರು ಮಾಟಗಾತಿಯ ಪಾತ್ರಕ್ಕೂ ಕೆಲ್ಲರ್‌ಮನ್ನರನ್ನೇ ಹಾಕಿದ್ದರಿಂದ, ಇಬ್ಬರು ಮಾಟಗಾತಿಯರೂ ಒಬ್ಬಳೇ ಎಂಬ ಗೊಂದಲ ಇಂದಿಗೂ ಉಳಿದಿದೆ. ಅವರಿಬ್ಬರೂ ಒಬ್ಬಳೇ ಎಂದು ಲೂಯಿಸ್ ಬರೆದಿಲ್ಲ.

ಎರಡನೆಯ ಕಥೆಯ ಪುಸ್ತಕದಲ್ಲಿ ಮಾಟಗಾತಿ ಬರುವುದೇ ಇಲ್ಲ. ಆಕೆಯನ್ನು ಮರಳಿ ಕರೆಯೋಣವೆಂಬ ಮಾತು ಮಾತ್ರ ಬರುತ್ತದೆ. ಶತಮಾನಗಳು ಕಳೆದಿವೆ. ಹೊರಗಿನಿಂದ ಬಂದ ದೊರೆಗಳು ನಾರ್ನಿಯಾದ ಮೂಲನಿವಾಸಿಗಳನ್ನು ತುಳಿದಿದ್ದಾರೆ. ಯುದ್ಧದಲ್ಲಿ ಸೋಲುತ್ತಿರುವಾಗ ನಿಕಬ್ರಿಕ್ ಎಂಬ ಕುಬ್ಜನು ಬಿಳಿ ಮಾಟಗಾತಿಯ ಸಹಾಯ ಕೇಳೋಣವೆನ್ನುತ್ತಾನೆ. ಅವಳು ಈಗಿನವರಿಗಿಂತ ದೊಡ್ಡ ಪೀಡಕಿಯಾಗಿದ್ದಳಲ್ಲ ಎಂದು ಇತರರು ಆಕ್ಷೇಪಿಸಿದಾಗ ಅವನ ಉತ್ತರ ಹೀಗಿದೆ: ನಿಮಗೆ, ಪ್ರಾಣಿಗಳಿಗೆ, ಮನುಷ್ಯರಿಗೆ ಇದ್ದಿರಬಹುದು. ಬೀವರ್‌ಗಳನ್ನು ನಿರ್ನಾಮ ಮಾಡಿರಲೂಬಹುದು, ಈಗ ಅವು ಎಲ್ಲೂ ಕಾಣುವುದಿಲ್ಲ. ಆದರೆ ನಮ್ಮ ಕುಬ್ಜರೊಂದಿಗೆ ಆಕೆ ಚೆನ್ನಾಗಿಯೇ ಇದ್ದಳು, ನಾನು ನನ್ನವರ ಪರ.

ಮೊದಲ ಕಥೆಯಲ್ಲಿ ಮಕ್ಕಳನ್ನು ಮನೆಗೆ ಕರೆದು ಮೀನು ಹುರಿದು ಬಡಿಸಿದ್ದು ಬೀವರ್ ದಂಪತಿಗಳು. ಅವುಗಳ ಇಡೀ ಕುಲದ ಅಂತ್ಯವು ಇಲ್ಲಿ ಒಂದು ಅಡ್ಡಮಾತಾಗಿ ಬಂದು ಹೋಗುತ್ತದೆ. ಜೇಡಿಸ್‌ಳ ವಕೀಲರಲ್ಲಿ ನನ್ನನ್ನು ಹೆಚ್ಚು ಹೆದರಿಸುವವನು ಈ ನಿಕಬ್ರಿಕ್. ಅವನು ಆಕೆಯ ಸೌಂದರ್ಯಕ್ಕೆ ಮರುಳಾದವನಲ್ಲ, ಸಿಹಿ ತಿಂದವನೂ ಅಲ್ಲ. ನಿಜವಾಗಿ ಅನ್ಯಾಯಕ್ಕೊಳಗಾದವನು. ಆ ನೋವಿನಲ್ಲಿ ಅವನು ಇತರರ ನೋವನ್ನು ಎಣಿಸುವುದನ್ನು ನಿಲ್ಲಿಸಿದ್ದಾನೆ. ಇನ್ನೊಬ್ಬರನ್ನು ತುಳಿದ ದೊರೆಯನ್ನು, ನಮ್ಮ ಮಸೀದಿಗೆ ಜಾಗ ಕೊಟ್ಟ, ನಮ್ಮ ಹುಡುಗರಿಗೆ ಕೆಲಸ ಕೊಟ್ಟ ಎಂಬ ಕಾರಣಕ್ಕೆ ಹೊಗಳುವ ಮಾತು ಯಾವ ಸಮುದಾಯದಲ್ಲಿ ಕೇಳಿಬರುವುದಿಲ್ಲ? ನಿಕಬ್ರಿಕ್ ಕತ್ತಲಿನ ಹೊಡೆದಾಟದಲ್ಲಿ ಸತ್ತ ಮೇಲೆ ಕ್ಯಾಸ್ಪಿಯನ್ ಅವನಿಗಾಗಿ ಮರುಗುತ್ತಾನೆ. ದೀರ್ಘಕಾಲದ ಸಂಕಟ ಮತ್ತು ದ್ವೇಷದಿಂದ ಅವನು ಒಳಗೇ ಹುಳಿತುಹೋಗಿದ್ದ, ಶಾಂತಿಯ ದಿನಗಳಲ್ಲಿ ಒಳ್ಳೆಯವನಾಗುತ್ತಿದ್ದನೋ ಏನೋ ಎನ್ನುತ್ತಾನೆ. ಚಲನಚಿತ್ರದಲ್ಲಿ ಈ ಸಂದರ್ಭಕ್ಕೆ ಒಂದು ಮಾರ್ಪಾಡು ಮಾಡಿದ್ದಾರೆ. ಮಂಜಿನ ಗೋಡೆಯೊಳಗೆ ಮಾಟಗಾತಿ ಮೂಡುತ್ತಾಳೆ, ಒಂದು ಹನಿ ರಕ್ತ ಕೇಳುತ್ತಾಳೆ, ಹಿರಿಯಣ್ಣ ಪೀಟರ್ ಕೂಡ ಮಂಕಾಗಿ ನಿಂತುಬಿಡುತ್ತಾನೆ. ಹಿಂದಿನಿಂದ ಕತ್ತಿ ತೂರಿ ಆ ಮಂಜನ್ನು ಒಡೆಯುವವನು ಎಡ್ಮಂಡ್. ಪುಸ್ತಕದಲ್ಲಿಲ್ಲದ ದೃಶ್ಯವಾದರೂ ಇದು ಪುಸ್ತಕದ ಮನಸ್ಸಿಗೆ ಹೊಂದುತ್ತದೆ.

ಇನ್ನು ಆಂಡ್ರೂವಿನ ವಿಷಯ. ಜೇಡಿಸ್ ಲಂಡನ್ನಿಗೆ ಬಂದಿದ್ದ ಆ ಒಂದು ದಿನ ಅವನನ್ನು ಗುಲಾಮನಂತೆ ದುಡಿಸಿದಳು, ನಾಯಿಯೆಂದು ಜರೆದಳು, ಅವನ ಅಕ್ಕನನ್ನು ಎತ್ತಿ ಎಸೆದಳು, ಒಡವೆ ಅಂಗಡಿಯನ್ನು ದೋಚಿದಳು, ಬೀದಿದೀಪದ ಕಬ್ಬಿಣದ ತುಂಡನ್ನು ಕಿತ್ತು ಪೊಲೀಸರನ್ನು ಹೊಡೆದು ಕೆಡವಿದಳು. ಅವನು ಆ ಬಳಿಕ ಮಾಟದ ಗೊಡವೆಗೆ ಹೋಗಲಿಲ್ಲ, ಮುಪ್ಪಿನಲ್ಲಿ ಸ್ವಲ್ಪ ಒಳ್ಳೆಯವನೂ ಆದ. ಆದರೆ ಮನೆಗೆ ಯಾರಾದರೂ ಅತಿಥಿಗಳು ಬಂದರೆ ಅವರನ್ನು ಬಿಲಿಯರ್ಡ್ಸ್ ಕೋಣೆಗೆ ಕರೆದೊಯ್ದು, ತನ್ನೊಂದಿಗೆ ಲಂಡನ್ನಿನಲ್ಲಿ ಗಾಡಿಯಲ್ಲಿ ಸುತ್ತಾಡಿದ ಯಾವುದೋ ದೇಶದ ರಾಜವಂಶದ ಮಹಿಳೆಯೊಬ್ಬಳ ಕಥೆ ಹೇಳುತ್ತಿದ್ದನಂತೆ. ಆಕೆಯ ಸಿಟ್ಟು ಮಹಾ ಭಯಂಕರವಾಗಿತ್ತೆಂದು ಒಪ್ಪಿಕೊಳ್ಳುತ್ತಿದ್ದ. ಆದರೂ ಎಂತಹ ಹೆಣ್ಣು ಸ್ವಾಮಿ, ಎಂತಹ ಹೆಣ್ಣು ಎಂದು ಕೊನೆಯವರೆಗೂ ಹೊಗಳುತ್ತಲೇ ಇದ್ದ.